ಹೊರಡುವ ಹೊತ್ತು ಯಾವುದು?

ನಿಮ್ಮ ಬಂಧುಬಳಗದ ಮಕ್ಕಳು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದಾರೆಯೇ? ಹಾಗಿದ್ದರೆ ಈ ಪ್ರಶ್ನೆ ನಿಮ್ಮ ಕಿವಿಗೂ ಬಿದ್ದಿರಬಹುದು: ಕಮ್ಯುನಿಟಿ ಕಾಲೇಜು ಬಿಟ್ಟು ನಾಲ್ಕು ವರ್ಷದ ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಯಾವಾಗ?

ಊರಿನಿಂದ ಫೋನು ಮಾಡಿದಾಗ ನಾವು ಕೇಳಿಬಿಡುತ್ತೇವೆ: "ಇನ್ನೂ ಅದೇ ಚಿಕ್ಕ ಕಾಲೇಜಾ?" ಆ ಮಾತು ಚುಚ್ಚುತ್ತದೆ. ಒಂದೇ ವರ್ಷಕ್ಕೆ ಹೊರಟುಬಿಡೋಣ ಎನಿಸುತ್ತದೆ. ಆದರೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಸಾಮಾನ್ಯವಾಗಿ 60 ಸೆಮಿಸ್ಟರ್ ಯೂನಿಟ್ ಮುಗಿಸಿದವರನ್ನೇ ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ 2012ರಿಂದ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕ. 60ಕ್ಕೆ 2,760 ಡಾಲರ್. ವಿಶ್ವವಿದ್ಯಾನಿಲಯದ ಒಂದೇ ವರ್ಷದ ಶುಲ್ಕ ಅದರ ಹಲವು ಪಟ್ಟು. ನಮ್ಮ ಪ್ರತಿಷ್ಠೆಗಾಗಿ ಮಕ್ಕಳ ತಲೆಯ ಮೇಲೆ ಸಾಲ ಹೊರಿಸುವುದು ಪ್ರೀತಿಯೇ?

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೆಲವರು ದೊಡ್ಡ ಕ್ಯಾಂಪಸ್ಸಿಗೆ ಹೆದರಿ, "ಇನ್ನೊಂದು ವಿಷಯ ಮುಗಿಸಿ ಹೋಗುತ್ತೇನೆ" ಎಂದು ದಿನ ತಳ್ಳುತ್ತಾರೆ. ಕಮ್ಯುನಿಟಿ ಕಾಲೇಜಿನಲ್ಲಿ ಎಷ್ಟೇ ಓದಿದರೂ, ಆ ವಿಶ್ವವಿದ್ಯಾನಿಲಯದಲ್ಲಿ 70 ಸೆಮಿಸ್ಟರ್ ಯೂನಿಟ್‌ಗಳಿಗಿಂತ ಹೆಚ್ಚು ಪದವಿಯ ಯೂನಿಟ್ ಲೆಕ್ಕಕ್ಕೆ ಸೇರುವುದಿಲ್ಲ. ಕಳೆದ ವರ್ಷವಂತೂ ಮರಳಿ ಬಾರದು.

ನಾಚಿಕೆಯೂ ಭಯವೂ ಒಳ್ಳೆಯ ಸಲಹೆಗಾರರಲ್ಲ. ಆರಿಸಿಕೊಂಡ ವಿಷಯಕ್ಕೆ ಬೇಕಾದ ಪಾಠಗಳು ಮುಗಿದಿವೆಯೇ? ಖರ್ಚಿಗೆ ದಾರಿ ಇದೆಯೇ? ಏಕೆ ಹೋಗುತ್ತಿದ್ದೇನೆಂಬುದು ಅವರಿಗೇ ಗೊತ್ತೇ? ಮೂರಕ್ಕೂ ಹೌದೆಂದರೆ ಹೊತ್ತು ಬಂದಿದೆ. ತೀರ್ಮಾನ ಮಕ್ಕಳದು, ಧೈರ್ಯ ಹೇಳುವುದು ನಮ್ಮ ಕೆಲಸ.

ಮುಂದಿನ ಸಲ ಫೋನಿನಲ್ಲಿ ಕಾಲೇಜಿನ ಹೆಸರು ಕೇಳಬೇಡಿ. "ಈಗ ಏನು ಕಲಿಯುತ್ತಿದ್ದೀ, ಮಗಾ?" ಎಂದು ಕೇಳಿ ನೋಡಿ.