ಕೃತ, ಕಾರಿತ, ಅನುಮೋದನೆ: ವರ್ತಕನೊಬ್ಬನ ಆತ್ಮಾವಲೋಕನ



ನಾನು ಶಾಸ್ತ್ರಜ್ಞನಲ್ಲ. ಮೆಟ್ರಿಕ್ ಮುಗಿಸಿ, ಹಿಂದೂಪುರದಲ್ಲಿ ತಂದೆಯವರ ಕಡಲೆಕಾಯಿ, ಹುಣಿಸೆಹಣ್ಣಿನ ಅಂಗಡಿಯ ಗದ್ದಿಗೆಯಲ್ಲಿ ಕುಳಿತವನು. ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಟ್ರಸ್ಟಿನ ಹಿರಿಯರು ಅಪ್ಪಣೆ ಮಾಡಿದಾಗ, ನಲವತ್ತು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದಿಡಲು ಧೈರ್ಯ ಮಾಡಿದ್ದೇನೆ. ತನ್ನ ಕೈಯಿಂದ ಕೊಲ್ಲದ ಮಾತ್ರಕ್ಕೆ ಒಬ್ಬನು ಅಹಿಂಸಕನಾಗುವನೇ?

1981ರ ಸುಗ್ಗಿಯ ಕಾಲ. ಕಡಲೆಕಾಯಿ ಖರೀದಿಗೆಂದು ಕಲ್ಯಾಣದುರ್ಗದ ಕಡೆಗೆ ಹೋದವನು ರೈತರೊಬ್ಬರ ಕಣದಲ್ಲಿ ರಾತ್ರಿ ತಂಗಿದ್ದೆ. ಆ ಸೀಮೆಯನ್ನು ಕಂಡವರು ಬಲ್ಲರು. ಮಳೆ ಕಡಿಮೆ, ಮರ ವಿರಳ, ಹೊಲಗಳಾಚೆ ಬೋಳು ಗುಡ್ಡಗಳು. ಕೂಗಿದ ದನಿ ಬಹುದೂರ ಸಾಗುತ್ತದೆ. ಸಮೀಪದಲ್ಲಿ ಬೀಡುಬಿಟ್ಟಿದ್ದ ನಕ್ಕಲ ಸಮುದಾಯದ ಬೇಟೆಗಾರನೊಬ್ಬನು ಬೆಳುದಿಂಗಳಲ್ಲಿ ಬದುವಿನ ಮರೆಗೆ ಕುಳಿತು, ಎರಡು ಕೈಗಳನ್ನೂ ಬಾಯಿಗೆ ಸೇರಿಸಿ ನರಿಯಂತೆ ಊಳಿಟ್ಟನು. ತೆಲುಗಿನಲ್ಲಿ ನಕ್ಕ ಎಂದರೆ ನರಿ. ತಮಿಳುನಾಡಿನಲ್ಲಿ ನರಿಕುರವರೆಂಬ ಹೆಸರಿಗೂ ನರಿಯೇ ಮೂಲ. ಗುಡ್ಡದಿಂದ ಉತ್ತರ ಬಂದಿತು. ಮತ್ತೊಮ್ಮೆ ಕೂಗಿದನು, ಮತ್ತೊಮ್ಮೆ ಉತ್ತರ, ಈ ಸಲ ಹತ್ತಿರದಿಂದ. ನರಿಗಳು ಜೋಡಿಯಾಗಿ ಬಾಳುವ ಪ್ರಾಣಿಗಳು. ಗಂಡು ಹೆಣ್ಣು ಎರಡೂ ಸೇರಿ ಮರಿಗಳನ್ನು ಸಾಕುತ್ತವೆ. ಊಳಿನಿಂದಲೇ ತಮ್ಮ ಇರವನ್ನು ಪರಸ್ಪರ ತಿಳಿಸುತ್ತವೆ. ತನ್ನ ಕುಲದ ದನಿಯೆಂದು ನಂಬಿ ಬಂದ ಆ ಜೀವ ಬಲೆಗೆ ಬಿದ್ದಿತು.

ಮರುದಿನ ಬೆಳಿಗ್ಗೆ ಆತನು ನನ್ನ ಮುಂದೆ ನರಿಕೊಂಬನ್ನು ಹಿಡಿದನು. ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ವ್ಯಾಪಾರ ಕುದುರುತ್ತದೆ, ಕೋರ್ಟಿನ ವ್ಯಾಜ್ಯ ಗೆಲ್ಲುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಅದೃಷ್ಟ ಕುದುರಿದವನನ್ನು ನರಿಯ ಮುಖ ನೋಡಿ ಎದ್ದೆಯಾ ಎಂದು ಕೇಳುವುದುಂಟಷ್ಟೆ. ಆ ವರ್ಷ ನಮ್ಮ ವ್ಯಾಪಾರ ಇಳಿಮುಖವಾಗಿತ್ತು. ಇಪ್ಪತ್ತೈದು ರೂಪಾಯಿ ಕೊಟ್ಟು ಕೊಂಡೆ. ‘ನಾನೇನೂ ಕೊಲ್ಲಲಿಲ್ಲವಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನರಿಯ ಜಾತಿಗೆ ಕೊಂಬಿಲ್ಲ. ಹೀಗೆ ಮಾರುವ ವಸ್ತು ಬಹುಮಟ್ಟಿಗೆ ಚರ್ಮ, ಕೂದಲು, ಮೂಳೆಗಳಿಂದ ರಚಿಸಿದ್ದು ಎಂಬುದು ಅನಂತರ ತಿಳಿಯಿತು. ಆದರೆ ಸತ್ತ ನರಿ ಸುಳ್ಳಾಗಿರಲಿಲ್ಲ.

ಕೆಲವು ವರ್ಷಗಳ ಬಳಿಕ ದಶಲಕ್ಷಣ ಪರ್ವದಲ್ಲಿ ಸುಕುಮಾರಸ್ವಾಮಿಯ ಕಥೆಯನ್ನು ಕೇಳಿದೆ. ವಡ್ಡಾರಾಧನೆಯ ಮೊದಲನೆಯ ಕಥೆಯೇ ಅದು. ಉಜ್ಜಯಿನಿಯ ಶ್ರೇಷ್ಠಿಪುತ್ರ, ನಮ್ಮಂತೆಯೇ ವರ್ತಕ ಕುಲದವನು, ಸುಖದಲ್ಲಿ ಬೆಳೆದವನು. ಆತನು ಮುನಿಯಾಗಿ ಧ್ಯಾನದಲ್ಲಿರುವಾಗ, ಪೂರ್ವಜನ್ಮದ ವೈರ ಹೊತ್ತ ಹೆಣ್ಣು ನರಿಯೊಂದು ಮರಿಗಳೊಡನೆ ಬಂದು ಅವನ ದೇಹವನ್ನು ತಿನ್ನುತ್ತದೆ. ಅವನು ಅದನ್ನು ಓಡಿಸಲಿಲ್ಲ, ದ್ವೇಷಿಸಲೂ ಇಲ್ಲ. ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಮಾತ್ರ ನನ್ನ ಗಲ್ಲಾಪೆಟ್ಟಿಗೆ ಕಣ್ಮುಂದೆ ಬಂದಿತು.

ನಮ್ಮ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ. ಅಡುಗೆಯಲ್ಲಿ, ಉದ್ಯೋಗದಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನು. ಮಂದೆಗೆ ತೋಳ ನುಗ್ಗಿದಾಗ ಕುರಿಗಾಹಿ ದೊಣ್ಣೆ ಎತ್ತಿದರೆ ಅದು ವಿರೋಧಿ. ಆದರೆ ಗುಡ್ಡದಲ್ಲಿ ತನ್ನ ಪಾಡಿಗೆ ತಾನಿದ್ದ ಜೀವವನ್ನು ಅದರದೇ ಭಾಷೆಯಲ್ಲಿ ಸುಳ್ಳು ಹೇಳಿ ಕರೆತಂದು ಕೊಲ್ಲುವುದು? ಇದು ಅಪ್ಪಟ ಸಂಕಲ್ಪಿ. ಇಲ್ಲಿ ಹಿಂಸೆಗೆ ಮಾಯಾಚಾರವೂ ಸೇರುತ್ತದೆ. ಅಮೆರಿಕದ ಬಯಲುಗಳಲ್ಲಿ ನರಿಯ ಬಂಧುವಾದ ಕಯೋಟಿಯನ್ನು ಮೊಲದ ಆರ್ತನಾದ ಕೇಳಿಸಿ, ಈಗ ಯಂತ್ರದ ಧ್ವನಿಯಿಂದಲೂ, ಬರಮಾಡಿಕೊಂಡು ಗುಂಡಿಕ್ಕುತ್ತಾರೆ. ಸಾಧನ ಬೇರೆ, ವಂಚನೆ ಒಂದೇ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಕೊಲ್ಲುವುದನ್ನಷ್ಟೇ ಅಲ್ಲ, ಬಲೆಯೊಡ್ಡುವುದನ್ನೂ ಆಮಿಷ ತೋರುವುದನ್ನೂ ಅದರ ಪ್ರಯತ್ನವನ್ನೂ ‘ಬೇಟೆ’ ಎಂದೇ ಕರೆದಿದೆ. ಇಂದು ನರಿಯನ್ನು ಬೇಟೆಯಾಡುವುದೂ ಅದರ ಅಂಗಗಳನ್ನು ಮಾರುವುದೂ ಅಪರಾಧ.

ಹಾಗಾದರೆ ಪಾಪ ಬೇಟೆಗಾರನದು ಮಾತ್ರವೇ? ಮುಂದೊಮ್ಮೆ ಆತನೇ ನಮ್ಮ ಅಂಗಡಿಯ ಮುಂದೆ ಮಣಿಸರ ಮಾರುತ್ತ ಬಂದನು. ನಾನು ಅವನಿಗೆ ಉಪದೇಶ ಮಾಡಹೊರಟೆ. ಆತನು ತಾಳ್ಮೆಯಿಂದ ಕೇಳಿ, ‘ನೀವು ಕೊಳ್ಳದಿದ್ದರೆ ನಾನು ಏಕೆ ಕೂಗುತ್ತಿದ್ದೆ ಸಾಹುಕಾರರೇ?’ ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಅವನ ಹಿಂದೆ ಹಸಿವಿತ್ತು, ಹಸಿದ ಮಕ್ಕಳಿದ್ದರು. ನನ್ನ ಹಿಂದೆ ಇದ್ದದ್ದು ಲೋಭ ಮಾತ್ರ. ತಾನು ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮೋದನೆ. ಮೂರೂ ಆಸ್ರವಕ್ಕೆ ದ್ವಾರಗಳೆಂದು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆ. ಕಣದಲ್ಲಿ ಕುಳಿತು ಕೌತುಕದಿಂದ ನೋಡಿದಾಗ ಅನುಮೋದನೆ. ಹಣ ಕೊಟ್ಟಾಗ ಮುಂದಿನ ನರಿಯ ವಿಷಯದಲ್ಲಿ ಕಾರಿತ. ಆ ರಾತ್ರಿ ಕರೆದವನು ಅವನು, ಕರೆಸಿದವರು ನನ್ನಂಥವರು.

ಅಂದು ಸಂಜೆಯೇ ಆ ವಸ್ತುವನ್ನು ಮಣ್ಣು ಮಾಡಿದೆ. ಅದರಿಂದ ಪಾಪ ಕಳೆಯಿತೆಂದು ಹೇಳಲಾರೆ. ಆದರೆ ಮತ್ತೊಂದು ಅರಿವು ಬಂದಿತು. ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಜೈನ ಕುಟುಂಬದಲ್ಲಿ ಹುಟ್ಟಿದ ನಮಗೆ ಅದನ್ನು ತ್ಯಜಿಸುವುದು ಕಷ್ಟವಲ್ಲ, ಏಕೆಂದರೆ ಅದರ ಆಸೆಯೇ ನಮಗಿಲ್ಲ. ಆಸೆಯಿಲ್ಲದ್ದನ್ನು ಬಿಟ್ಟವನ ವ್ರತಕ್ಕೆ ತೂಕವೆಷ್ಟು? ನಮ್ಮ ಪರೀಕ್ಷೆ ಇರುವುದು ತಕ್ಕಡಿಯ ಬಳಿ. ಗಿರಾಕಿಯನ್ನು ಸಿಹಿಮಾತಿನಿಂದ ಕರೆದು ತೂಕದಲ್ಲಿ ವಂಚಿಸಿದರೆ, ರೈತನಿಗೆ ಆಪ್ತನ ದನಿಯಲ್ಲಿ ಮಾತನಾಡಿ ಬೆಲೆಯನ್ನು ಇಳಿಸಿದರೆ, ನಾವೂ ಬದುವಿನ ಮರೆಗೆ ಕುಳಿತು ಊಳಿಟ್ಟಂತೆಯೇ ಅಲ್ಲವೇ?

ಮನೆಮಾತು ಕನ್ನಡವಾಗಲಿ, ತೆಲುಗಾಗಲಿ, ಗುಜರಾತಿ, ಮಾರವಾಡಿಯಾಗಲಿ, ಕ್ಷಮಾವಾಣಿಯಂದು, ಸಂವತ್ಸರಿಯಂದು ನಾವೆಲ್ಲರೂ ಸಕಲ ಜೀವಗಳ ಕ್ಷಮೆ ಬೇಡುತ್ತೇವೆ. ಆಗ ಪ್ರತಿ ವರ್ಷವೂ ನನ್ನ ಮನಸ್ಸಿನಲ್ಲಿ ಮೊದಲು ಸುಳಿಯುವುದು, ಕರೆಗೆ ಓಗೊಟ್ಟು ಬೆಳುದಿಂಗಳಲ್ಲಿ ನಡೆದು ಬಂದ ಆ ನರಿ. ಅಲ್ಪಜ್ಞನ ಈ ಬರವಣಿಗೆಯಲ್ಲಿ ಲೋಪದೋಷಗಳಿದ್ದರೆ ತಾವೂ ಕ್ಷಮಿಸಬೇಕು.

ಅಹಿಂಸಾ ಪರಮೋ ಧರ್ಮಃ