ಜ್ವರ ಬಂದಿದೆ ಎಂದು ಹೇಳುವ ಹುಡುಗ

ಅಮೆರಿಕದ ಸಣ್ಣ ಊರುಗಳಲ್ಲಿ ಆಗಸ್ಟ್ ಕೊನೆಯಿಂದ ನವೆಂಬರಿನವರೆಗೆ ಶುಕ್ರವಾರದ ಸಂಜೆಯನ್ನು ಯಾರೂ ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಹೈಸ್ಕೂಲಿನ ಮೈದಾನದಲ್ಲಿ ದೊಡ್ಡ ದೀಪಗಳು ಹತ್ತಿಕೊಳ್ಳುತ್ತವೆ, ಶಾಲೆಯ ಬ್ಯಾಂಡು ಶುರುವಾಗುತ್ತದೆ, ತಿಂಡಿಯ ಅಂಗಡಿಯಲ್ಲಿ ಆಟಗಾರರ ಅಪ್ಪ ಅಮ್ಮಂದಿರೇ ನಿಂತು ಮಾರುತ್ತಾರೆ. ನಮ್ಮ ಊರ ಜಾತ್ರೆಗೆ ಜನ ಬರುವುದು ದೇವರ ದರ್ಶನಕ್ಕೆ ಎಷ್ಟೋ, ಒಬ್ಬರನ್ನೊಬ್ಬರು ನೋಡುವುದಕ್ಕೂ ಅಷ್ಟೇ, ಅಲ್ಲಿಯೂ ಹಾಗೆಯೇ. ಆಟವನ್ನು ಫುಟ್‌ಬಾಲ್ ಎಂದು ಕರೆದರೂ ನಾವು ಬಲ್ಲ ಕಾಲ್ಚೆಂಡಿಗೂ ಅದಕ್ಕೂ ಹೋಲಿಕೆ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಯನ್ನು ತಬ್ಬಿ ನೆಲಕ್ಕೆ ಕೆಡವುವುದು. ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಮುಂದಿನ ಸಾಲಿನವರು ಬಗ್ಗಿ, ಗೇಣು ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಂತು, ಪ್ರತಿ ಸಲವೂ ಮೈಗೆ ಮೈ ಅಪ್ಪಳಿಸುತ್ತಾರೆ. ನಮ್ಮ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗಿನ ವಯಸ್ಸಿನ ಸುಮಾರು 10 ಲಕ್ಷ ಹುಡುಗರು ಆ ದೇಶದಲ್ಲಿ ಈ ಆಟ ಆಡುತ್ತಾರೆ. 2020ರಲ್ಲಿ ಕೋವಿಡ್ ಸೋಂಕಿನಿಂದಾಗಿ ಮನುಷ್ಯರೆಲ್ಲ ಮಾರು ದೂರ ನಿಲ್ಲಬೇಕಾಗಿ ಬಂದಾಗ, ಈ ಆಟವನ್ನು ಆಡಿಸಬೇಕೇ ಬೇಡವೇ ಎನ್ನುವ ಪ್ರಶ್ನೆ ಮನೆಮನೆಯ ಊಟದ ಮೇಜಿಗೆ ಬಂತು.

ದೇಶಕ್ಕೆಲ್ಲ ಒಂದೇ ಉತ್ತರ ಸಿಗಲಿಲ್ಲ. ಯೂಟಾ ರಾಜ್ಯ ಆಗಸ್ಟ್ 13ರಂದೇ ಪಂದ್ಯ ಶುರುಮಾಡಿತು. ಟೆಕ್ಸಸ್ ಸಣ್ಣ ಶಾಲೆಗಳಿಗೆ ಮೊದಲು ಬಿಟ್ಟು, ದೊಡ್ಡ ಶಾಲೆಗಳನ್ನು ಸೆಪ್ಟೆಂಬರ್ ಕೊನೆಯವರೆಗೆ ಕಾಯಿಸಿತು. ಕ್ಯಾಲಿಫೋರ್ನಿಯಾ ಜುಲೈಯಲ್ಲೇ ಮುಂದಕ್ಕೆ ಹಾಕಿತು. ಅಲ್ಲಿನ ಹುಡುಗರು ಮೈದಾನಕ್ಕಿಳಿದದ್ದು ಮರುವರ್ಷದ ವಸಂತದಲ್ಲಿ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುವ ಷರತ್ತಿನ ಮೇಲೆ. ಮಿಷಿಗನ್ನಿನವರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ಆಗಸ್ಟ್ 14ರಂದು ಬೇಡವೆಂದರು, ಸೆಪ್ಟೆಂಬರ್ 3ರಂದು ಆಡಿ ಎಂದರು, ನವೆಂಬರಿನಲ್ಲಿ ಮತ್ತೆ ನಿಲ್ಲಿಸಿದರು. ಕೊನೆಯ ಪಂದ್ಯ ನಡೆದದ್ದು ಜನವರಿಯಲ್ಲಿ. ಈ ದ್ವಂದ್ವ ಹೊಸದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲೂ ಅಲ್ಲಿನ ಎಷ್ಟೋ ಊರುಗಳ ಶಾಲಾ ಪಂದ್ಯಗಳು ನಿಂತುಹೋಗಿದ್ದವು.

ಆಡಿಸಿ ಎಂದವರನ್ನು ಆಟದ ಹುಚ್ಚರೆಂದು ತಳ್ಳಿಹಾಕುವುದು ಅನ್ಯಾಯ. ಅವರು ಹೇಳಿದ್ದರಲ್ಲಿ ತೂಕವಿತ್ತು. ಪಾಠ ಕಂಪ್ಯೂಟರಿನ ಪರದೆಗೆ ಹೋದ ಮೇಲೆ ಕೆಲವು ಹುಡುಗರಿಗೆ ಬೆಳಿಗ್ಗೆ ಏಳುವುದಕ್ಕೇ ಕಾರಣ ಉಳಿದಿರಲಿಲ್ಲ. ಮನೆಯಲ್ಲಿ ಕೇಳುವವರಿಲ್ಲದ ಹುಡುಗನನ್ನು 'ಯಾಕಪ್ಪ, ನಿನ್ನೆ ಬರಲಿಲ್ಲ' ಎಂದು ಕೇಳುವ ಒಬ್ಬನೇ ಹಿರಿಯ ಅವನ ಕೋಚ್ ಆಗಿರುವುದುಂಟು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಮೇ ತಿಂಗಳಲ್ಲಿ ದೇಶದ ಸುಮಾರು 13 ಸಾವಿರ ಹದಿಹರೆಯದ ಕ್ರೀಡಾಪಟುಗಳನ್ನು ವಿಚಾರಿಸಿದಾಗ, ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ಎದ್ದು ಕಂಡವು. ಬಡತನ ಹೆಚ್ಚಿದ್ದ ಪ್ರದೇಶಗಳ ಮಕ್ಕಳಲ್ಲಿ ಅವು ಇನ್ನೂ ಹೆಚ್ಚಾಗಿದ್ದವು. ಕಾಲೇಜು ಸೇರಲು ವಿದ್ಯಾರ್ಥಿವೇತನವನ್ನೇ ನಂಬಿದವರ ಮಾತು ಬೇರೆ. ಹೈಸ್ಕೂಲು ಮುಗಿಸುವ ವರ್ಷದ ಆಟವನ್ನು ನೋಡಿ ಕಾಲೇಜಿನವರು ಕರೆಯುವುದೂ ಉಂಟು, ಆ ವರ್ಷ ಹೋದರೆ ಮತ್ತೆ ಬಾರದು.

ಬೇಡ ಎಂದವರ ಭಯವೂ ಸುಳ್ಳಾಗಿರಲಿಲ್ಲ. ಸೋಂಕಿನಿಂದ ಚೇತರಿಸಿಕೊಂಡ 26 ಕಾಲೇಜು ಕ್ರೀಡಾಪಟುಗಳನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಎಂಆರ್‌ಐ ಮಾಡಿ ನೋಡಿದಾಗ 4 ಮಂದಿಯ ಹೃದಯದಲ್ಲಿ ಉರಿಯೂತದ ಗುರುತು ಕಂಡಿತ್ತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಆ ಪ್ರಮಾಣ ತೀರ ಇಳಿಯಿತು ನಿಜ, ಆದರೆ ಆ ಸೆಪ್ಟೆಂಬರಿನ ತಾಯಂದಿರಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ. ಇನ್ನು ಫ್ಲೋರಿಡಾದ್ದು ಫುಟ್‌ಬಾಲಿನ ಕಥೆಯಲ್ಲ, ಕುಸ್ತಿಯದು. ಡಿಸೆಂಬರಿನಲ್ಲಿ ನಡೆದ ಎರಡು ಹೈಸ್ಕೂಲ್ ಕುಸ್ತಿ ಪಂದ್ಯಾವಳಿಗಳಿಗೆ 10 ಶಾಲೆಗಳಿಂದ 130 ಮಂದಿ ಬಂದಿದ್ದರು. ಅವರಲ್ಲಿ 38 ಮಂದಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಅವರಿಂದ ಅದು ಮನೆಗಳಿಗೂ ಗೆಳೆಯರಿಗೂ ಹೋಯಿತು. ಹಾಗೆ ಸಂಪರ್ಕಕ್ಕೆ ಬಂದ, ಪಂದ್ಯದಲ್ಲಿ ಪಾಲೇ ಇಲ್ಲದ ವಯಸ್ಕರೊಬ್ಬರು ತೀರಿಕೊಂಡರು. ನನ್ನ ಮನಸ್ಸು ಕುಸ್ತಿಪಟುಗಳಿಗಿಂತ ಹೆಚ್ಚಾಗಿ ಅವರ ಬಳಿಯೇ ನಿಂತುಬಿಡುತ್ತದೆ. ಆಡುವ ಆಸೆ ಹುಡುಗನದು, ಒಪ್ಪಿಗೆಯ ಸಹಿ ಅಪ್ಪ ಅಮ್ಮನದು; ಅಪಾಯದ ದೊಡ್ಡ ಪಾಲು ಮಾತ್ರ ಯಾವ ಕಾಗದಕ್ಕೂ ಸಹಿ ಹಾಕದ ಅಜ್ಜಿಗೆ, ಶಾಲೆಯ ಬಸ್ಸಿನ ಚಾಲಕನಿಗೆ, ಬಟ್ಟೆಕೋಣೆ ಗುಡಿಸುವವರಿಗೆ ಸೇರುತ್ತಿತ್ತು.

ಹಾಗಾದರೆ ಮೈದಾನವನ್ನು ಮುಚ್ಚಿದ್ದರೆ ಸಾಕಿತ್ತೇ? ಇಲ್ಲಿ ವಿಸ್ಕಾನ್ಸಿನ್ನಿನ ಇನ್ನೊಂದು ಲೆಕ್ಕ ಬೇರೆ ದಾರಿ ತೋರಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಆ ರಾಜ್ಯದ 207 ಶಾಲೆಗಳಲ್ಲಿ ಬೇರೆ ಬೇರೆ ಆಟಗಳಿಗೆ ಇಳಿದಿದ್ದ 30 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ 271 ಮಂದಿಗೆ ಸೋಂಕು ಬಂದಿತ್ತು. ಎಲ್ಲಿಂದ ಬಂತೆಂದು ಪತ್ತೆಯಾದದ್ದು 209 ಮಂದಿಯದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರಿಂದಲೇ ಬಂದದ್ದು, ಉಳಿದದ್ದರಲ್ಲಿ ಬಹುಪಾಲು ಊರಿನ ಇತರ ಒಡನಾಟದಿಂದ. ಆಟದಿಂದಲೇ ಬಂತೆಂದು ಹೇಳಬಹುದಾದದ್ದು ಒಂದೇ ಒಂದು. ಈ ಅಂಕಿಯನ್ನು ಹಿಡಿದು ಆಟ ನಿರಪಾಯವೆಂದು ಸಾರುವುದು ಆತುರವಾದೀತು. ಬಯಲಿನ ಮೈದಾನವೇ ಬೇರೆ, ಮುಚ್ಚಿದ ಹಾಲಿನ ಕುಸ್ತಿಯೇ ಬೇರೆ. ಮೂಲ ಪತ್ತೆಯಾಗದವೂ ಕೆಲವು ಇದ್ದವು. ಆದರೂ ಅದರಿಂದ ನನಗೆ ಒಂದು ಮಾತು ಸ್ಪಷ್ಟವಾಯಿತು. ಶುಕ್ರವಾರದ ಮೈದಾನ ಎಷ್ಟು ಕ್ಷೇಮ ಎನ್ನುವುದು ಉಳಿದ ಆರು ದಿನ ಊರ ದೊಡ್ಡವರು ಹೇಗಿರುತ್ತಾರೆ ಎಂಬುದರ ಮೇಲೆ ನಿಂತಿತ್ತು. ಮದುವೆ ಊಟ, ಹುಟ್ಟುಹಬ್ಬದ ಕೂಟ, ಬಾರಿನ ಬಾಗಿಲು ಇವುಗಳಿಗೆ ಹಿರಿಯರು ಸ್ವಲ್ಪ ಕಾಲ ಬೆನ್ನು ತೋರಿಸಿದ ಊರಿನಲ್ಲಿ, ಸೋಂಕು ತಗ್ಗಿದ್ದಾಗ, ಪರೀಕ್ಷೆಯ ಅನುಕೂಲವಿದ್ದ ಕಡೆ ಮಕ್ಕಳನ್ನು ಆಡಲು ಬಿಡಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆಸ್ಪತ್ರೆ ತುಂಬಿದ ಊರಿನಲ್ಲಿ ಬಿಡಬಾರದಿತ್ತು. ಬಾರುಗಳನ್ನು ತೆರೆದಿಟ್ಟು ಮಕ್ಕಳ ಮೈದಾನಕ್ಕೆ ಬೀಗ ಹಾಕುವುದು ಮಾತ್ರ ಯಾವ ಊರಿಗೂ ಶೋಭಿಸುವ ನಡತೆಯಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಆಗಿನ ನಿಯಮದಂತೆ ಒಬ್ಬನಿಗೆ ಸೋಂಕೆಂದು ಗೊತ್ತಾದರೆ ಹತ್ತಿರವಿದ್ದವರೆಲ್ಲ 14 ದಿನ ಮನೆಯಲ್ಲಿರಬೇಕಿತ್ತು. ಅಂದರೆ ಕೆಲವೊಮ್ಮೆ ಇಡೀ ತಂಡಕ್ಕೆ ಎರಡು ಪಂದ್ಯ ನಷ್ಟ. ಈಗ ಗುರುವಾರ ರಾತ್ರಿ ಮೈ ಬೆಚ್ಚಗಾಗಿ ಗಂಟಲು ಕೆರೆಯುತ್ತಿರುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹೇಳಿದರೆ ನಲವತ್ತು ಗೆಳೆಯರ ಶುಕ್ರವಾರ ಹಾಳು, ಅವರಲ್ಲಿ ಒಬ್ಬನಿಗೆ ಕಾಲೇಜಿನವರ ಕಣ್ಣಿಗೆ ಬೀಳಲು ಅದೇ ಕೊನೆಯ ಅವಕಾಶ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಒಂದು ಜ್ವರದ ಮಾತ್ರೆ ಸಾಕು, ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ದಾಟಲು. ಹದಿನೇಳರ ಹುಡುಗನ ತಲೆಯ ಮೇಲೆ ನಾವು ಎಂಥ ಹೊರೆ ಹೊರಿಸಿದ್ದೆವು! ಸತ್ಯ ಹೇಳು ಎಂದು ಮಕ್ಕಳಿಗೆ ಕಲಿಸುವುದು ಸುಲಭ. ಹೇಳಿದವನಿಗೆ ಮರುದಿನ ಗೆಳೆಯರ ಮುಖ ನೋಡಲು ಆಗದಂತೆ ನಿಯಮ ಬರೆದಿಟ್ಟರೆ, ಸುಳ್ಳನ್ನು ಕಲಿಸಿದವರು ನಾವೇ ಆಗುತ್ತೇವೆ. ಒಳ್ಳೆಯ ಕೋಚ್ ಆದವನು ಮೊದಲ ದಿನವೇ ತಂಡವನ್ನು ಕೂರಿಸಿಕೊಂಡು ಹೇಳಬೇಕಿದ್ದ ಮಾತು ಇದು: ಜ್ವರ ಬಂದಿದೆ ಎಂದು ಹೇಳಿದವನ ಜಾಗ ತಂಡದಲ್ಲಿ ಹಾಗೆಯೇ ಇರುತ್ತದೆ, ಅವನಿಂದ ಪಂದ್ಯ ಹೋಯಿತೆಂದು ಯಾರೂ ಆಡುವಂತಿಲ್ಲ. ಮನೆಯಲ್ಲಿ ಅಪ್ಪನೂ ಅದನ್ನೇ ಹೇಳಬೇಕಿತ್ತು. ಕೋಚಿನ ಮಾತಿಗಿಂತ ಅದು ಬೇಗ ನಾಟುತ್ತದೆ.

ನಮಗೂ ಅದೇ ವರ್ಷ ಇಂಥದೇ ಕವಲುದಾರಿ ಎದುರಾಗಿತ್ತು, ಆಟದ ಬದಲು ಪರೀಕ್ಷೆಯ ರೂಪದಲ್ಲಿ. ತೆಲಂಗಾಣವೂ ತಮಿಳುನಾಡೂ ಹತ್ತನೇ ತರಗತಿಯ ಪರೀಕ್ಷೆಯನ್ನು ಕೈಬಿಟ್ಟು ಎಲ್ಲರನ್ನೂ ಪಾಸು ಮಾಡಿದವು. ಕರ್ನಾಟಕ 2020ರ ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸಿತು. ಸುಮಾರು 8.5 ಲಕ್ಷ ಮಕ್ಕಳು ನೋಂದಾಯಿಸಿಕೊಂಡಿದ್ದರು. ಅದು ಸರಿಯೇ ಎಂದು ಆಗ ನಮ್ಮ ಮನೆಗಳಲ್ಲೂ ದೊಡ್ಡ ಚರ್ಚೆ ನಡೆದದ್ದು ನಿಮಗೆ ನೆನಪಿದ್ದೀತು. ಬೆಂಚುಗಳ ನಡುವೆ ಅಂತರ ಬಿಟ್ಟರು, ಕೆಮ್ಮು ಜ್ವರ ಇದ್ದವರಿಗೆ ಬೇರೆ ಕೋಣೆ ಮಾಡಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೊಂದು ನಿಯಮ. ಕಾಯಿಲೆಯಿಂದಲೋ, ಬೀದಿ ಕಂಟೈನ್‌ಮೆಂಟ್ ವಲಯವಾದದ್ದರಿಂದಲೋ ಬರಲಾಗದ ಮಕ್ಕಳು ಪೂರಕ ಪರೀಕ್ಷೆಗೆ ಕೂತರೆ, ಅದನ್ನೇ ಮೊದಲ ಪ್ರಯತ್ನವೆಂದು ಎಣಿಸಲಾಗುತ್ತಿತ್ತು. ಅಂಕಪಟ್ಟಿಯಲ್ಲಿ ಕಲೆ ಉಳಿಯುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದ ಮಗು ಮಾತ್ರೆ ನುಂಗಿ ಪರೀಕ್ಷಾ ಕೇಂದ್ರಕ್ಕೆ ಓಡಬೇಕಾದ ಅಗತ್ಯವನ್ನೇ ಆ ಒಂದು ಸಾಲು ತಪ್ಪಿಸಿತು.

ಅಮೆರಿಕದಲ್ಲಿ ಕಾಲೇಜು ಆಟಗಾರರಿಗೆ ಇಂಥ ಅನುಕೂಲ ಬೇಗ ಸಿಕ್ಕಿತು. 2020ರ ಆಗಸ್ಟಿನಲ್ಲೇ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ, ಆ ಋತುವಿನ ಆಟಗಾರರಿಗೆ ಇನ್ನೊಂದು ವರ್ಷ ಆಡುವ ಅರ್ಹತೆ ಕೊಟ್ಟಿತು. ಹೈಸ್ಕೂಲಿನ ಕೊನೆಯ ವರ್ಷದ ಹುಡುಗರನ್ನು ನೆನೆದವರು ಕಡಿಮೆ. ಕೆಂಟಕಿ ರಾಜ್ಯ ನೆನೆಯಿತು. 2021ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಬೇಕೆನಿಸಿದ ವಿದ್ಯಾರ್ಥಿ ಕೋವಿಡ್ ಕಾಲದ ಆ ವರ್ಷವನ್ನು ಮತ್ತೊಮ್ಮೆ ಓದಬಹುದು, ಆಟವನ್ನೂ ಆಡಬಹುದು. ಆದರೆ ಸ್ಥಳೀಯ ಶಾಲಾ ಮಂಡಳಿ ಅರ್ಜಿಗಳನ್ನು ಒಪ್ಪುವುದಾದರೆ ಎಲ್ಲವನ್ನೂ ಒಪ್ಪಬೇಕು, ಇಲ್ಲವಾದರೆ ಒಂದನ್ನೂ ಒಪ್ಪುವಂತಿಲ್ಲ ಎಂದು ಅದರಲ್ಲಿ ಬರೆದಿದ್ದರು. ಹಾಗಾಗಿ ಊರಿಗೆ ಗೆಲುವು ತರುವ ಹುಡುಗನೊಬ್ಬನನ್ನು ಉಳಿಸಿಕೊಳ್ಳಬೇಕೆಂದರೂ, ಗಣಿತದಲ್ಲಿ ಹಿಂದೆ ಬಿದ್ದು ಇನ್ನೊಂದು ವರ್ಷ ಕೇಳಿದ ಹುಡುಗಿಯನ್ನೂ ಅದೇ ತರಗತಿಗೆ ಕರೆದುಕೊಳ್ಳಲೇಬೇಕಿತ್ತು.