ನೋವಿನ ಭಾಷೆ ಯಾವುದು?

ಅಣ್ಣನ ಮಗಳು ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಪಾಳಿ ಮುಗಿದ ಮೇಲೆ ಜರ್ಮನ್ ತರಗತಿಗೆ ಹೋಗುತ್ತಾಳೆ. ರಾತ್ರಿ ಮೊಬೈಲ್ ಹಿಡಿದು ಅರಬಿ ಮಾತುಕತೆ ಕಲಿಯುತ್ತಾಳೆ. ಜರ್ಮನಿಯಲ್ಲಿ ನರ್ಸ್ ಎಂದು ನೋಂದಾಯಿಸಿಕೊಳ್ಳಲು ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಅಂದರೆ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು. ಸೌದಿಗೆ ಹೋಗುವುದಾದರೆ ಇಂಗ್ಲಿಷ್ ಸಾಕಾದೀತು. ಆದರೆ ವಾರ್ಡಿನಲ್ಲಿ ಮಲಗಿರುವ ಮುದುಕಿಗೆ ಇಂಗ್ಲಿಷ್ ಬರಬೇಕಲ್ಲ? ಯಾವ ಬಾಗಿಲು ಮೊದಲು ತೆರೆಯುತ್ತದೋ ಆ ಕಡೆಗೆ ಹೋಗುವುದು ಎಂಬುದು ಅವಳ ಲೆಕ್ಕ.

ಕಳೆದ ರಂಜಾನ್ ಹಬ್ಬಕ್ಕೆ ಊರಿಗೆ ಬಂದಾಗಲೂ ಎರಡೂ ನೋಟ್‌ಬುಕ್ಕುಗಳು ಅವಳ ಚೀಲದಲ್ಲಿದ್ದವು. ನನಗೆ ತಡೆಯಲಾಗಲಿಲ್ಲ. 'ಎರಡು ದೋಣಿಯಲ್ಲಿ ಕಾಲಿಟ್ಟರೆ ದಡ ಸೇರುವುದಿಲ್ಲಮ್ಮ, ಒಂದನ್ನು ಗಟ್ಟಿ ಮಾಡಿಕೊ' ಎಂದೆ. ಅವಳು ನಕ್ಕು, 'ಚಾಚಾ, ನೀವು ಹತ್ತು ವರ್ಷ ತುಂಬುವ ಮೊದಲೇ ನಾಲ್ಕು ಭಾಷೆ ಕಲಿತಿರಲ್ಲ. ಆಗ ಯಾವ ದೋಣಿಯೂ ಮುಳುಗಲಿಲ್ಲವಾ?' ಎಂದಳು.

ಅವಳ ಮಾತು ನಿಜ. ಮನೆಯಲ್ಲಿ ಅಮ್ಮಿಯ ದಖನಿ, ಶಾಲೆಯಲ್ಲಿ ಪುಸ್ತಕದ ಉರ್ದು, ಬೀದಿಯಲ್ಲಿ ಕನ್ನಡ, ಸಂಜೆ ಮಸೀದಿಯ ಮಕ್ತಬಿನಲ್ಲಿ ಅರಬಿ. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಸೇರಿದಾಗ ಇಂಗ್ಲಿಷೂ ಹಿಂದಿಯೂ ಜೊತೆಯಾದವು. ಇದು ನನ್ನೊಬ್ಬನ ಹೆಚ್ಚುಗಾರಿಕೆಯಲ್ಲ. ಕರ್ನಾಟಕದ ಸಾವಿರಾರು ಮುಸ್ಲಿಂ ಮಕ್ಕಳ ದಿನಚರಿಯೇ ಹೀಗೆ. ಕರಾವಳಿಯ ಬ್ಯಾರಿ ಮಕ್ಕಳನ್ನು ಕೇಳಿ, ಅವರು ತುಳುವನ್ನೂ ಮಲಯಾಳಂ ಅನ್ನೂ ಸೇರಿಸಿ ಹೇಳುತ್ತಾರೆ.

ಆದರೆ ಈ ನಾಲ್ಕನ್ನೂ ನಾನು ಸಮನಾಗಿ ಕಲಿತೆನೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲ. ದಖನಿಯ ಹಿಂದೆ ಅಮ್ಮಿ ಇದ್ದಳು. ಕನ್ನಡದ ಹಿಂದೆ ಪಕ್ಕದ ಮನೆಯ ಗೌರಮ್ಮಜ್ಜಿ ಇದ್ದರು. ಉರ್ದುವಿನ ಹಿಂದೆ ತಲಫ್ಫುಝ್ ತಪ್ಪಿದರೆ ಕಿವಿ ಹಿಂಡುತ್ತಿದ್ದ ಮೇಷ್ಟ್ರು ಇದ್ದರು. ಅರಬಿಯ ಹಿಂದೆ ದೇವರ ಮಾತಿತ್ತು ನಿಜ, ಆದರೆ ಆ ಭಾಷೆಯಲ್ಲಿ ನನ್ನೊಡನೆ ಜಗಳವಾಡುವ, ಊಟಕ್ಕೆ ಕರೆಯುವ ಮನುಷ್ಯರು ಯಾರೂ ಇರಲಿಲ್ಲ. ಹಾಗಾಗಿ ಇಂದಿಗೂ ಸೂರಾಗಳನ್ನು ತಡವರಿಸದೆ ಓದಬಲ್ಲೆ. ಅರಬನೊಬ್ಬ ದಾರಿ ಕೇಳಿದರೆ ಕೈಸನ್ನೆ ಮಾಡಬೇಕು.

ಒಟ್ಟಿಗೆ ಹಲವು ಭಾಷೆ ಕಲಿಯುವುದು ಸರಿಯೋ ತಪ್ಪೋ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ತಲೆಯ ಶಕ್ತಿಯನ್ನು ಲೆಕ್ಕ ಹಾಕುತ್ತೇವೆ. ಆ ಲೆಕ್ಕವೂ ಇದೆ. ಹತ್ತಿರದ ಭಾಷೆಗಳನ್ನು, ಉದಾಹರಣೆಗೆ ಸ್ಪ್ಯಾನಿಷ್ ಮತ್ತು ಇಟಾಲಿಯನ್ನನ್ನು, ಒಟ್ಟಿಗೆ ಹಿಡಿದವರಿಗೆ ಒಂದರ ಪದ ಇನ್ನೊಂದರಲ್ಲಿ ನುಸುಳುತ್ತದೆ. ಜರ್ಮನ್ ಮತ್ತು ಅರಬಿ ಅಷ್ಟು ಸುಲಭವಾಗಿ ಬೆರೆಯುವುದಿಲ್ಲ, ಆದರೆ ಒಂದರ ಸಮಯವನ್ನು ಇನ್ನೊಂದು ಕದಿಯುತ್ತದೆ. ಸಾಲದ್ದಕ್ಕೆ ಅರಬಿ ಎಂಬುದೇ ಎರಡು. ಪುಸ್ತಕದ ಅರಬಿ ಒಂದು, ರಿಯಾದಿನ ಅಂಗಡಿಯಲ್ಲಿ ಕೇಳುವ ಅರಬಿ ಇನ್ನೊಂದು. ಇವೆಲ್ಲ ಅಭ್ಯಾಸದ ತೊಡಕುಗಳು. ದಿನಕ್ಕೆ ಇಂತಿಷ್ಟು ಗಂಟೆ ಎಂದು ಹಂಚಿಕೊಂಡವರು ದಾಟಿಯಾರು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಭಾಷೆಯನ್ನು ಬರೀ ಬೀಗದ ಕೈಯಂತೆ ಬಳಸಿ, ಬಾಗಿಲು ತೆರೆದೊಡನೆ ಜೇಬಿಗೆ ಹಾಕಿಕೊಳ್ಳುವುದು ಆ ಭಾಷೆಯ ಜನರಿಗೆ ನ್ಯಾಯವೇ?

ಇಲ್ಲಿ ನನಗೆ ಅಲ್‌ಬಿರೂನಿ ನೆನಪಾಗುತ್ತಾನೆ. 973ರಲ್ಲಿ ಹುಟ್ಟಿದ ಅವನ ತಾಯ್ನುಡಿ ಖ್ವಾರಿಝ್ಮಿ. ಅರಬಿಯೂ ಫಾರಸಿಯೂ ಅವನು ಕಲಿತು ಪಡೆದವು. 1017ರಲ್ಲಿ ಘಜ್ನಿಯ ಮಹಮೂದ್ ಖ್ವಾರಿಝ್ಮನ್ನು ಗೆದ್ದ ಮೇಲೆ ಅವನು ಘಜ್ನಿಗೆ ಬರಬೇಕಾಯಿತು. ನಲವತ್ತು ದಾಟಿದ ವಯಸ್ಸಿನಲ್ಲಿ ಸಂಸ್ಕೃತ ಕಲಿಯತೊಡಗಿದ. ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಅರ್ಥ ಎಂದು ಗೋಳಾಡಿದ. ಆದರೂ ಬಿಡದೆ ಪಂಡಿತರನ್ನು ಹುಡುಕಿದ, ಗ್ರಂಥಗಳನ್ನು ಕೂಡಿಸಿದ, ಸುಮಾರು 1030ರಲ್ಲಿ ಹಿಂದೂಸ್ಥಾನದ ಕುರಿತ ತನ್ನ ದೊಡ್ಡ ಗ್ರಂಥವನ್ನು ಮುಗಿಸಿದ. ಅವನ ಒಡೆಯ ಈ ನಾಡಿನ ಮೇಲೆ ದಂಡೆತ್ತಿ ಬಂದು ಸಂಪತ್ತು ಹೊತ್ತೊಯ್ಯುತ್ತಿದ್ದ ಕಾಲವದು. ಆ ದಾಳಿಗಳು ನಾಡಿನ ಏಳಿಗೆಯನ್ನು ಹಾಳುಗೆಡವಿದವು, ಜನರ ಮನಸ್ಸಿನಲ್ಲಿ ಹಗೆಯನ್ನು ಬಿತ್ತಿದವು ಎಂದು ಬಿರೂನಿ ಅದೇ ಗ್ರಂಥದಲ್ಲಿ ಬರೆದ. ಒಬ್ಬನಿಗೆ ಈ ನಾಡು ಲೂಟಿಯ ಕಣಜವಾಗಿ ಕಂಡಿತು, ಇನ್ನೊಬ್ಬನಿಗೆ ಅದರ ಮಾತು ಕೇಳಿಸಿತು. ಭಾಷೆ ಕಲಿತ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ನಾನು ಹೇಳುವುದಿಲ್ಲ. ಆಳಲು ಬಂದವರೂ ಭಾಷೆ ಕಲಿತಿದ್ದಾರೆ. ಆದರೆ ಎದುರಿನವನ ಮಾತನ್ನು ಅವನದೇ ಅರ್ಥದಲ್ಲಿ ಕೇಳಿಸಿಕೊಳ್ಳುವವನಿಗೆ ಅವನ ಗಾಯ ಕಾಣದೆ ಇರುವುದು ಕಷ್ಟ.

ಕೇಳಿಸಿಕೊಳ್ಳುವುದು ಎಂದೆ. ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ನಸುಕಿನಲ್ಲಿ ಅಮ್ಮಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ಸಂತೆಯಲ್ಲಿ ಅವಳ ಕನ್ನಡ ಚೆನ್ನಾಗಿಯೇ ನಡೆಯುತ್ತದೆ, ಕಾಯಿಲೆ ಬಂದರೆ ಮಾತ್ರ ಬಾಯಿಗೆ ಬರುವುದು ದಖನಿ. 'ಜೀ ಘಬರಾರಾ, ಜೀ ಘಬರಾರಾ' ಎನ್ನುತ್ತಿದ್ದಳು. ಅಲ್ಲಿದ್ದ ನರ್ಸ್ ಒಳ್ಳೆಯ ಹುಡುಗಿ. ಕೈ ಹಿಡಿದು, 'ಗಾಬರಿ ಆಗಬೇಡಿ ಅಜ್ಜಿ, ಏನೂ ಆಗಲ್ಲ' ಎಂದು ಸಮಾಧಾನ ಹೇಳಿ ಬೆಂಚಿನ ಮೇಲೆ ಕೂರಿಸಿದಳು. ಕನ್ನಡದ ಗಾಬರಿ ಹೆದರಿಕೆ. ಆದರೆ ಅಮ್ಮಿ ಹೇಳುತ್ತಿದ್ದುದು ಹೆದರಿಕೆಯನ್ನಲ್ಲ. ಎದೆಯೊಳಗೆ ಏನೋ ತಿರುಚಿದಂತಾಗುವ, ಉಸಿರು ನಿಲ್ಲದಂತಾಗುವ ಸಂಕಟವನ್ನು. ಎರಡೂ ಪದಗಳು ಅಕ್ಕತಂಗಿಯರಂತೆ ಇದ್ದುದರಿಂದಲೇ ಮೋಸವಾಯಿತು. ಪೂರಾ ಅಪರಿಚಿತ ಪದವಾಗಿದ್ದರೆ ಆ ಹುಡುಗಿ 'ಏನು ಹಾಗೆಂದರೆ?' ಎಂದು ಕೇಳುತ್ತಿದ್ದಳೋ ಏನೋ.

ಅವಳದೇನೂ ತಪ್ಪಿಲ್ಲ. ಎರಡೂ ಭಾಷೆ ಬಲ್ಲ, ಎರಡರಲ್ಲೂ ಕತೆ ಓದಿ ಬೆಳೆದ ನಾನು ಪಕ್ಕದಲ್ಲೇ ನಿಂತಿದ್ದೆ. 'ಏನೂ ಆಗಲ್ಲ' ಎಂಬ ಮಾತು ನನಗೂ ಬೇಕಾಗಿತ್ತು. ಅದನ್ನು ನಂಬಿಕೊಂಡೆ. ಅರ್ಧ ಗಂಟೆ ಕಳೆದ ಮೇಲೆ ಅಮ್ಮಿಯ ಹಣೆಯಲ್ಲಿ ಬೆವರು ಹರಿದಾಗ ಎದ್ದು ಓಡಿದೆ. ಇಸಿಜಿ ತೆಗೆದರು, ಹೃದಯಾಘಾತ. ಅಲ್ಲಾಹನ ದಯೆ, ಅಮ್ಮಿ ಉಳಿದಳು. ಆದರೆ ಆ ಅರ್ಧ ಗಂಟೆಯ ಲೆಕ್ಕವನ್ನು ನಾನು ಯಾವ ಭಾಷೆಯಲ್ಲಿ ಒಪ್ಪಿಸಲಿ?

ಅಂದಿನಿಂದ ನನಗೆ ಅನ್ನಿಸುವುದಿಷ್ಟು. ಎಷ್ಟು ಭಾಷೆ ಬರುತ್ತದೆ ಎನ್ನುವುದು ದೊಡ್ಡ ಪ್ರಶ್ನೆಯಲ್ಲ. ಒಂದು ಭಾಷೆ ಬಂದರೆ ಒಂದು ಹೊಣೆಯೂ ಬರುತ್ತದೆ. ಅದನ್ನು ಆಡುವವರು ಕಷ್ಟದಲ್ಲಿರುವಾಗ 'ನನಗೆ ತಿಳಿಯಲಿಲ್ಲ' ಎನ್ನುವ ನೆಪ ನಮ್ಮ ಕೈತಪ್ಪುತ್ತದೆ. ನಾಲ್ಕು ಭಾಷೆ ಕಲಿಯುವವರು ನಾಲ್ಕು ಪಟ್ಟು ಹೊಣೆ ಹೊರಲು ಸಿದ್ಧರಿರಬೇಕು. ಹೊಟ್ಟೆಪಾಡಿಗಾಗಿ ಕಲಿಯುವುದು ಕೀಳೇನಲ್ಲ. ಹೊಟ್ಟೆಪಾಡಿಗೆ ದೂರದ ನಾಡಿಗೆ ಹೋದವರ ಹಣದಿಂದ ನಮ್ಮ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಬೀಗದ ಕೈ ಎಂದು ಕೊಂಡದ್ದು ಬಾಗಿಲಾಚೆಗಿನವರ ದನಿ ಕೇಳುವ ಕಿವಿಯೂ ಆಗಬೇಕು.

ಹಬ್ಬದ ಮರುದಿನ ಅಣ್ಣನ ಮಗಳು ನೋಟ್‌ಬುಕ್ಕಿನ ಒಂದು ಪುಟ ತೋರಿಸಿದಳು. ನೋವಿಗೆ ಸಂಬಂಧಿಸಿದ ಪದಗಳು. 'ನೋಡಿ ಚಾಚಾ, ಅರಬಿಯ ಅಲಮ್ ಅಂದರೆ ಮೈನೋವೂ ಹೌದು, ಮನಸ್ಸಿನ ನೋವೂ ಹೌದು. ನಮ್ಮ ಉರ್ದುವಿಗೆ ಬಂದು ಅದು ಬರೀ ದುಃಖವಾಗಿದೆ. ಜರ್ಮನ್ನಿನ ಶ್ಮೆರ್ತ್ಸ್ ಕನ್ನಡದ ನೋವಿನ ಹಾಗೆ, ಎರಡಕ್ಕೂ ಒಂದೇ' ಎಂದಳು. ಎರಡು ದೋಣಿಯಲ್ಲಿ ಕಾಲಿಟ್ಟಿದ್ದರಿಂದಲೇ ಅವಳಿಗೆ ಇದು ಕಂಡಿತ್ತು. ನನ್ನ ಉಪದೇಶವನ್ನು ನಾನು ನುಂಗಿಕೊಂಡೆ.

ಅಮ್ಮಿ ಮಂಚದ ಮೇಲೆ ಕುಳಿತು ತಸ್ಬೀಹ್ ಎಣಿಸುತ್ತಿದ್ದಳು. ಮೊಮ್ಮಗಳು ಪಕ್ಕಕ್ಕೆ ಹೋಗಿ ಕುಳಿತು, 'ದಾದಿಮಾ, ಜೀ ಘಬರಾರಾ ಅಂದರೆ ಮೈಯಲ್ಲಿ ಎಲ್ಲಿ, ಹೇಗೆ ಆಗುತ್ತದೆ ಹೇಳಿ' ಎಂದು ಪೆನ್ನು ಹಿಡಿದಳು. ಅಮ್ಮಿ ತಸ್ಬೀಹನ್ನು ಪಕ್ಕಕ್ಕಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳತೊಡಗಿದಳು. ನಾನು ಈ ಸಲ ಸರಿಯಾಗಿ ಕೇಳಿಸಿಕೊಂಡೆ.